ಮುಂದಕ್ಕೆ ಚಾಚಿದ ಬಂಡೆಯಲ್ಲಿ ಹೊಸ ರೂಟ್ ತೆರೆಯುವುದು ಹೇಗೆ

ಬಾದಾಮಿಯ ಕೆಂಪು ಬಂಡೆ ಹತ್ತಿದವರಿಗೆ ಒಂದಲ್ಲ ಒಂದು ದಿನ ಆಸೆ ಹುಟ್ಟುತ್ತದೆ, ನಾನೂ ಒಂದು ರೂಟ್, ಅಂದರೆ ಬಂಡೆ ಹತ್ತುವ ಹೊಸ ದಾರಿ, ತೆರೆಯಬೇಕು ಅಂತ. ತೆರೆಯಿರಿ. ಆದರೆ ಮೊದಲು ಜಾಗ ನೋಡಿ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಗುಡಿ, ಗುಹೆಗಳ ಹತ್ತಿರ ಡ್ರಿಲ್ ಬೇಡವೇ ಬೇಡ. ಬೇರೆ ಕಡೆಯೂ ಅನುಮತಿ ಕೇಳಿ, ಮೇಲೆ ಹೆಜ್ಜೇನು ಕಟ್ಟಿದೆಯಾ ನೋಡಿ.

ಮೇಲಿನಿಂದ ಹಗ್ಗದಲ್ಲಿ ಇಳಿದರೆ ಬಂಡೆ ನಿಮ್ಮಿಂದ ದೂರ ಸರಿಯುತ್ತಾ ಹೋಗುತ್ತದೆ, ನೀವು ಗಾಳಿಯಲ್ಲಿ ತೂಗುತ್ತೀರಿ. ಹಾಗಾಗಿ ಇಳಿಯುತ್ತಾ ಅಲ್ಲಲ್ಲಿ ಹಗ್ಗವನ್ನು ಬಂಡೆಗೆ ಕ್ಲಿಪ್ ಮಾಡಿಕೊಳ್ಳಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿ. ಟಣ್ ಅಂದರೆ ಗಟ್ಟಿ. ಮಡಕೆ ತಟ್ಟಿದ ಹಾಗೆ ಡಬ್ ಅಂದರೆ ಒಳಗೆ ಟೊಳ್ಳು, ಅಲ್ಲಿ ಬೋಲ್ಟ್ (ಹಗ್ಗ ಸಿಕ್ಕಿಸಲು ಬಂಡೆಯಲ್ಲಿ ಕೂರಿಸುವ ಲೋಹದ ಕೊಂಡಿ) ಬೇಡ. ಸಡಿಲ ಕಲ್ಲು ಕೆಡಹುವಾಗ ಕೆಳಗೆ ಯಾರೂ ಇರಬಾರದು.

ಎಲ್ಲರೂ ಅವಸರಪಡುವುದು ಬೋಲ್ಟ್ ಜಾಗದ ವಿಷಯದಲ್ಲೇ. ಹಗ್ಗದಲ್ಲಿ ನೇತಾಡುವಾಗ ಕೈಗೆ ಸಿಕ್ಕ ಜಾಗಕ್ಕೂ ಹತ್ತುವಾಗ ಬೇಕಾದ ಜಾಗಕ್ಕೂ ಅಜಗಜಾಂತರ. ಮೊದಲು ಮೂವ್‌ಗಳನ್ನು, ಅಂದರೆ ಹಿಡಿತದಿಂದ ಹಿಡಿತಕ್ಕೆ ಹೋಗುವ ಚಲನೆಗಳನ್ನು, ಮಾಡಿ ನೋಡಿ, ಯಾವ ಹಿಡಿತದಲ್ಲಿ ಒಂದು ಕೈ ಬಿಟ್ಟು ಹಗ್ಗ ಸಿಕ್ಕಿಸಬಹುದೋ ಅಲ್ಲಿ ಚಾಕ್‌ನಿಂದ ಗುರುತು ಹಾಕಿ, ಆಮೇಲೆ ಕೊರೆಯಿರಿ. ಎರಡನೇ, ಮೂರನೇ ಬೋಲ್ಟ್ ಹತ್ತಿರ ಹತ್ತಿರ ಇರಲಿ, ಬಿದ್ದರೆ ನೆಲ ಮುಟ್ಟಬಾರದಲ್ವಾ. ಮರಳುಗಲ್ಲಿಗೆ ಉದ್ದನೆಯ ಸ್ಟೇನ್‌ಲೆಸ್ ಗ್ಲೂ-ಇನ್ (ಅಂಟು ಹಾಕಿ ಕೂರಿಸುವ) ಬೋಲ್ಟೇ ಸರಿ ಅಂತ ನನ್ನ ಅಭಿಪ್ರಾಯ. ತೂತು ಕೊರೆದ ಮೇಲೆ ಊದಿ, ಬ್ರಷ್ ಹಾಕಿ, ಮತ್ತೆ ಊದಿ, ಮತ್ತೆ ಬ್ರಷ್ ಹಾಕಿ, ಕೆಂಪು ಪುಡಿ ಬರುವುದು ನಿಲ್ಲುವ ತನಕ ಬಿಡಬೇಡಿ. ಪುಡಿ ಉಳಿದರೆ ಅಂಟು ಹಿಡಿಯುವುದು ಪುಡಿಯನ್ನೇ, ಕಲ್ಲನ್ನಲ್ಲ. ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಭಾರ ಹಾಕಬೇಡಿ. ಇದನ್ನು ಓದಿ ಕಲಿಯುವುದಲ್ಲ, ಅನುಭವಿಗಳ ಜೊತೆ ನಿಂತು ಕಲಿಯಿರಿ.

ಒಂದು ಮೂವ್ ಆಗುತ್ತಿಲ್ಲ ಅಂತ ಉಳಿಯಿಂದ ಹಿಡಿತ ಕೆತ್ತಬೇಡಿ. ನಾಳೆ ಬರುವ ಹುಡುಗಿಗೆ ಅದು ಆಗಬಹುದು.

ಇನ್ನು ಹತ್ತುವುದು. ಬೋಲ್ಟ್‌ನಿಂದ ಬೋಲ್ಟಿಗೆ ನೇತಾಡುತ್ತಾ ಪ್ರತಿ ಮೂವ್ ಬಿಡಿಸಿ. ಆಮೇಲೆ ಮೇಲಿನಿಂದ ಜೋಡಿಸಿ: ಕೊನೆಯ ಬೋಲ್ಟ್‌ನಿಂದ ರೂಟಿನ ತುದಿಯ ಚೈನ್‌ವರೆಗೆ, ಮುಂದಿನ ಸಲ ಅದಕ್ಕೂ ಒಂದು ಬೋಲ್ಟ್ ಕೆಳಗಿನಿಂದ. ಸುಸ್ತಾದಾಗ ಹತ್ತಬೇಕಾದ ಭಾಗ ಹೀಗೆ ಮೈಗೆ ಚೆನ್ನಾಗಿ ಬಂದಿರುತ್ತದೆ. ಮೊಣಕಾಲು ಸಿಕ್ಕಿಸಿ ಕೈ ಕೊಡವಲು ಜಾಗ ಹುಡುಕಿ, ಅದು ಬರೀ ತೋಳಬಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಜೆಕ್ ಆರೋಹಿ ಆ್ಯಡಂ ಓಂಡ್ರಾ 2017ರಲ್ಲಿ ನಾರ್ವೆಯ ಫ್ಲಾಟಾಂಗರ್‌ನಲ್ಲಿ ಮುಗಿಸಿದ 'ಸೈಲೆನ್ಸ್' ರೂಟ್, ಅಂದರೆ ಜಗತ್ತಿನ ಮೊದಲ 9ಸಿ (ಕಷ್ಟದ ದರ್ಜೆ), ಅದರಲ್ಲೂ ಅಷ್ಟೇ. ಕಷ್ಟದ ಮೂವ್‌ಗಳ ನಕಲನ್ನು ಒಳಾಂಗಣ ಗೋಡೆಯಲ್ಲಿ ಕಟ್ಟಿಕೊಂಡು ಅವರು ಅಭ್ಯಾಸ ಮಾಡಿದ್ದರು.

ಬಾದಾಮಿಯಲ್ಲಾದರೆ ನವೆಂಬರ್‌ನಿಂದ ಫೆಬ್ರವರಿ, ಅದೂ ನೆರಳಿದ್ದಾಗ. ಬಿಸಿಲಲ್ಲಿ ಸುಮ್ನೆ ಬೆರಳಿನ ಚರ್ಮ ಹಾಳು.

ಕ್ವಿಕ್‌ಡ್ರಾ (ಹಗ್ಗವನ್ನು ಬೋಲ್ಟಿಗೆ ಸಿಕ್ಕಿಸುವ ಜೋಡಿ ಕೊಂಡಿ) ಬಿಚ್ಚುತ್ತಾ ಇಳಿಯುವಾಗ ಬಂಡೆಯ ಹತ್ತಿರವೇ ಇರಲು ಬಿಲೇ ಕಡೆಯ, ಅಂದರೆ ಕೆಳಗೆ ನಿಮ್ಮ ಹಗ್ಗ ಹಿಡಿದವರ ಕಡೆಯ, ಹಗ್ಗಕ್ಕೆ ನಿಮ್ಮನ್ನು ಒಂದು ಡ್ರಾದಿಂದ ಸಿಕ್ಕಿಸಿಕೊಂಡಿರುತ್ತೀರಿ. ಅತಿ ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಆ ಡ್ರಾವನ್ನು ಹಗ್ಗದಿಂದ ತೆಗೆದುಬಿಡಿ. ಇಲ್ಲದಿದ್ದರೆ ನೀವು ಹೊರಗೆ ತೂಗುವ ರಭಸಕ್ಕೆ ಬಿಲೇ ಮಾಡುವವರೂ ಎಳೆದುಹೋಗುತ್ತಾರೆ, ನೀವೂ ನೆಲಕ್ಕೆ ಬಡಿಯಬಹುದು.