ಬ್ಯುಟೇನ್ ಹೇಗೆ ತಿರುಗುತ್ತದೆ? ಲ್ಯಾಪ್‌ಟಾಪಿನಲ್ಲೇ ಲೆಕ್ಕ ಹಾಕಿ, ಗ್ರಾಫ್ ಬರೆಯಿರಿ

ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಬ್ಯುಟೇನ್ ಚಿಕ್ಕ ಅಣು. ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್, ಅಷ್ಟೇ. ಪುಸ್ತಕದಲ್ಲಿ ಒಂದು ಅಂಕುಡೊಂಕು ಗೆರೆ ಎಳೆದು ಇದೇ ಬ್ಯುಟೇನ್ ಎನ್ನುತ್ತೇವೆ. ಆದರೆ ಈ ಅಣು ಒಂದೇ ಆಕಾರದಲ್ಲಿ ನಿಂತಿರುವುದಿಲ್ಲ. ನಡುವಿನ ಕಾರ್ಬನ್-ಕಾರ್ಬನ್ ಬಂಧದ ಸುತ್ತ ತಿರುಗುತ್ತಲೇ ಇರುತ್ತದೆ. ಎಷ್ಟು ತಿರುಗಿದರೆ ಎಷ್ಟು ಶಕ್ತಿ ಖರ್ಚಾಗುತ್ತದೆ ಅನ್ನುವುದನ್ನು ನೀವೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ಸಾಮಾನ್ಯ ಲ್ಯಾಪ್‌ಟಾಪ್ ಸಾಕು, ಸಾಫ್ಟ್‌ವೇರಿಗೆ ದುಡ್ಡೂ ಬೇಡ.

ಕಂಪ್ಯೂಟರಿನಲ್ಲಿ ರಸಾಯನಶಾಸ್ತ್ರ ಮಾಡುವ ಈ ದಾರಿಗೆ 1998ರಲ್ಲಿ ನೊಬೆಲ್ ಬಂತು. ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್ ಅದನ್ನು ಹಂಚಿಕೊಂಡರು. ಇಲ್ಲಿ ನಾವು ಬಳಸುವುದು ಕೋನ್ ಅಡಿಪಾಯ ಹಾಕಿದ ಡೆನ್ಸಿಟಿ ಫಂಕ್ಷನಲ್ ವಿಧಾನ, ಅಂದರೆ ಎಲೆಕ್ಟ್ರಾನ್‌ಗಳು ಎಲ್ಲಿ ಎಷ್ಟು ದಟ್ಟವಾಗಿವೆ ಎಂಬುದರಿಂದ ಅಣುವಿನ ಶಕ್ತಿ ಲೆಕ್ಕ ಹಾಕುವ ದಾರಿ. ಕಲಿಯಲು ನಾನು ಬ್ಯುಟೇನನ್ನೇ ಆರಿಸಲು ಕಾರಣವಿದೆ. ಇದರ ಉತ್ತರ ಈಗಾಗಲೇ ಎಲ್ಲರಿಗೂ ಗೊತ್ತು. ಹಾಗಾಗಿ ನಿಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ನೀವೇ ನೋಡಿಕೊಳ್ಳಬಹುದು. ಪರೀಕ್ಷೆ ಮಾಡದ ಸಂಖ್ಯೆಯಿಂದ ಎಷ್ಟು ಚಂದದ ಚಿತ್ರ ಮಾಡಿದರೂ ಅದನ್ನು ನಂಬುವಂತಿಲ್ಲ.

ಏನೇನು ಬೇಕು

ಮೂರು ಸಾಫ್ಟ್‌ವೇರ್. ಅಣುವನ್ನು ಬಿಡಿಸಲು ಅವೊಗ್ಯಾಡ್ರೊ. ಲೆಕ್ಕ ಮಾಡಲು ಓರ್ಕಾ. ಇದು ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಫ್ರಾಂಕ್ ನೀಸೆ ಅವರ ತಂಡ ಬೆಳೆಸಿದ್ದು. ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಉಚಿತ, ಹೆಸರು ನೋಂದಾಯಿಸಿದರೆ ಸಿಗುತ್ತದೆ. ಕಾಲೇಜಿನ ನಂಟು ಇಲ್ಲದವರು ಪೂರ್ತಿ ಮುಕ್ತವಾಗಿರುವ ಸೈ-4 ಬಳಸಬಹುದು. ಗ್ರಾಫಿಗೆ ಲಿಬ್ರೆ ಆಫೀಸಿನ ಕ್ಯಾಲ್ಕ್ ಸಾಕು. ಪೈಥಾನ್ ಬಂದರೆ ಮ್ಯಾಟ್‌ಪ್ಲಾಟ್‌ಲಿಬ್ ಇನ್ನೂ ಒಳ್ಳೆಯದು.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಅವೊಗ್ಯಾಡ್ರೊ ಮತ್ತು ಅಣುಗಳನ್ನು ತೆರೆಯ ಮೇಲೆ ತೋರಿಸುವ ಜೆಮಾಲ್ (Jmol) ಎರಡಕ್ಕೂ ಪಾಠಗಳಿವೆ. ಆ ಯೋಜನೆಯ ಹಲವು ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ. ಇಂಗ್ಲಿಷ್ ಕಷ್ಟ ಅನ್ನುವ ಮಕ್ಕಳಿಗೆ ದಯವಿಟ್ಟು ಇದನ್ನು ತಿಳಿಸಿ.

ಮೊದಲು ನೀರು

ನೇರವಾಗಿ ಬ್ಯುಟೇನಿಗೆ ಹೋಗಬೇಡಿ. ಅವೊಗ್ಯಾಡ್ರೊದಲ್ಲಿ ಒಂದು ಆಕ್ಸಿಜನ್ ಇಡಿ. ಹೈಡ್ರೋಜನ್‌ಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಅದನ್ನು ಓರ್ಕಾಗೆ ಕೊಟ್ಟು ಆಕಾರ ಸರಿಪಡಿಸಲು, ಅಂದರೆ ಆಪ್ಟಿಮೈಸ್ ಮಾಡಲು ಹೇಳಿ. ಪ್ರಯೋಗದಲ್ಲಿ ಅಳೆದ ನೀರಿನ ಬಂಧದ ಉದ್ದ 0.958 ಆಂಗ್‌ಸ್ಟ್ರಾಂ, ಕೋನ 104.5 ಡಿಗ್ರಿ. ನಿಮಗೆ ಕೋನ ಒಂದೆರಡು ಡಿಗ್ರಿ ಆಚೀಚೆ ಬಂದರೆ ಸಾಫ್ಟ್‌ವೇರ್ ಸರಿಯಾಗಿ ಕೂತಿದೆ ಎಂದರ್ಥ. ಕೋನ 120 ಬಂದರೆ ಎಲ್ಲೋ ಎಡವಟ್ಟಾಗಿದೆ, ಮುಂದೆ ಹೋಗಬೇಡಿ.

ಓರ್ಕಾ ಓದುವುದು ಒಂದು ಪಠ್ಯ ಫೈಲನ್ನು. ಮೊದಲ ಸಾಲು ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುತ್ತದೆ. ಅದರಲ್ಲಿ ವಿಧಾನದ ಹೆಸರು, ಬೇಸಿಸ್ ಸೆಟ್‌ನ (ಎಲೆಕ್ಟ್ರಾನ್‌ಗಳನ್ನು ವರ್ಣಿಸಲು ಬಳಸುವ ಗಣಿತದ ತುಣುಕುಗಳ ಗುಂಪು) ಹೆಸರು, ಮಾಡಬೇಕಾದ ಕೆಲಸ. ಕೆಳಗೆ ಅಣುವಿನ ವಿದ್ಯುದಂಶ 0, ಸ್ಪಿನ್ ಮಲ್ಟಿಪ್ಲಿಸಿಟಿ 1 (ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿವೆ ಎಂದರ್ಥ). ಆಮೇಲೆ ಪರಮಾಣುಗಳ ಪಟ್ಟಿ. ಅವೊಗ್ಯಾಡ್ರೊವೇ ಈ ಫೈಲನ್ನು ಬರೆದುಕೊಡುತ್ತದೆ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬಿಡಬೇಡಿ. ವಿಂಡೋಸ್‌ನ ನೋಟ್‌ಪ್ಯಾಡ್ ಫೈಲಿನ ಹೆಸರಿನ ಕೊನೆಗೆ ಗೊತ್ತಿಲ್ಲದಂತೆ ಟಿಎಕ್ಸ್‌ಟಿ ಅಂಟಿಸುತ್ತದೆ, ಅದನ್ನೂ ಗಮನಿಸಿ. ಹೊಸಬರ ಹೊತ್ತೆಲ್ಲ ಜಾಸ್ತಿ ಹಾಳಾಗುವುದು ಇಂಥ ಸಣ್ಣ ಸಂಗತಿಗಳಲ್ಲೇ.

ಬ್ಯುಟೇನ್ ಬಿಡಿಸಿ, ತಿರುಗಿಸಿ

ನಾಲ್ಕು ಕಾರ್ಬನ್‌ಗಳನ್ನು ಸಾಲಾಗಿ ಬಿಡಿಸಿ. ನಡುವಿನ ಬಂಧದ ನೇರಕ್ಕೆ ಕಣ್ಣಿಟ್ಟು ನೋಡಿದರೆ, ಮುಂದಿನ ಮೀಥೈಲ್ ಗುಂಪು (ತುದಿಯ ಕಾರ್ಬನ್, ಅದರ ಮೂರು ಹೈಡ್ರೋಜನ್) ಮತ್ತು ಹಿಂದಿನ ಮೀಥೈಲ್ ಗುಂಪು ಗಡಿಯಾರದ ಎರಡು ಮುಳ್ಳುಗಳಂತೆ ಕಾಣುತ್ತವೆ. ಆ ಮುಳ್ಳುಗಳ ನಡುವಿನ ಕೋನವೇ ಡೈಹೆಡ್ರಲ್ ಕೋನ. ಪಿಯುಸಿಯಲ್ಲಿ ನೀವು ಬರೆದ ನ್ಯೂಮನ್ ಚಿತ್ರ ಇದೇ. ಕೋನ 180 ಇದ್ದರೆ ಆಂಟಿ, 60ರ ಹತ್ತಿರ ಇದ್ದರೆ ಗೌಶ್, 0 ಆದರೆ ಎರಡೂ ಮೀಥೈಲ್ ಒಂದರ ಹಿಂದೆ ಒಂದು.

ಈಗ ಓರ್ಕಾಗೆ ಹೇಳಬೇಕಾದ್ದು: ಈ ಕೋನವನ್ನು 180ರಿಂದ 0ವರೆಗೆ 10 ಡಿಗ್ರಿಯಂತೆ ಇಳಿಸು, ಪ್ರತಿ ಮೆಟ್ಟಿಲಲ್ಲೂ ಉಳಿದ ಬಂಧ, ಕೋನಗಳನ್ನೆಲ್ಲ ಸರಿಪಡಿಸು, ಆಮೇಲೆ ಶಕ್ತಿ ಹೇಳು. ಒಟ್ಟು 19 ಮೆಟ್ಟಿಲು. ಇದಕ್ಕೆ ಜಿಯಾಮ್ (%geom) ಎಂಬ ವಿಭಾಗದಲ್ಲಿ ಸ್ಕ್ಯಾನ್ (Scan) ಅನ್ನುವ ಸಾಲು ಬರೆಯಬೇಕು. ಡಿ ಎಂಬ ಇಂಗ್ಲಿಷ್ ಅಕ್ಷರ, ನಾಲ್ಕು ಕಾರ್ಬನ್‌ಗಳ ಸಂಖ್ಯೆ, ಸಮ ಚಿಹ್ನೆ, ಕೊನೆಗೆ 180, 0, 19. ವಿಧಾನ ಬಿ3ಎಲ್‌ವೈಪಿ (ಡೆನ್ಸಿಟಿ ಫಂಕ್ಷನಲ್‌ಗಳಲ್ಲಿ ಒಂದು) ಇರಲಿ, ಜೊತೆಗೆ ಡಿ3ಬಿಜೆ ಎಂಬ ತಿದ್ದುಪಡಿ. ದೂರದ ಪರಮಾಣುಗಳ ನಡುವಿನ ನವಿರಾದ ಸೆಳೆತವನ್ನು ಲೆಕ್ಕಕ್ಕೆ ತರುವುದು ಅದೇ. ಬೇಸಿಸ್ ಸೆಟ್ ಡೆಫ್2-ಎಸ್‌ವಿಪಿ, ಕಲಿಯಲು ಸಾಕು.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಓರ್ಕಾ ಪರಮಾಣುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ತೆರೆಯ ಮೇಲೆ 1ರಿಂದ ಎಣಿಕೆ ಕಂಡರೆ ಪ್ರತಿಯೊಂದರಲ್ಲೂ ಒಂದು ಕಳೆಯಿರಿ. ಇನ್ನೊಂದು, ಬಿಡಿಸುವಾಗ ಕಾರ್ಬನ್‌ಗಳ ಮಧ್ಯೆ ಹೈಡ್ರೋಜನ್‌ಗಳೂ ಪಟ್ಟಿಯಲ್ಲಿ ನುಸುಳಿರುತ್ತವೆ. ಮೊದಲ ನಾಲ್ಕು ಸಾಲು ಕಾರ್ಬನ್ ಅಂತ ಸುಮ್ನೆ ಅಂದುಕೊಳ್ಳಬೇಡಿ. ತಪ್ಪು ಸಂಖ್ಯೆ ಕೊಟ್ಟರೂ ಓರ್ಕಾ ಗೊಣಗದೆ ಲೆಕ್ಕ ಮುಗಿಸಬಹುದು. ಬರುವ ಗ್ರಾಫ್ ಮಾತ್ರ ಬೇರೆ ಯಾವುದೋ ತಿರುವಿನದ್ದಾಗಿರುತ್ತದೆ.

ಪ್ರತಿ ಮೆಟ್ಟಿಲಲ್ಲೂ ಆಕಾರ ಸರಿಪಡಿಸುವುದು ಯಾಕೆ ಅಂತ ಕೇಳಬಹುದು. ಬರೀ ಕೋನ ತಿರುಗಿಸಿ ಬಿಟ್ಟರೆ ಹೈಡ್ರೋಜನ್‌ಗಳು ಒಂದಕ್ಕೊಂದು ಒತ್ತಿಕೊಂಡೇ ಉಳಿಯುತ್ತವೆ. ನಿಜವಾದ ಅಣು ಹಾಗೆ ಸಹಿಸಿಕೊಂಡಿರುವುದಿಲ್ಲ. ತನ್ನ ಬೆನ್ನನ್ನು, ಅಂದರೆ ಕಾರ್ಬನ್ ಸಾಲಿನ ಕೋನಗಳನ್ನು ಸ್ವಲ್ಪ ಅಗಲಿಸಿ ಜಾಗ ಮಾಡಿಕೊಳ್ಳುತ್ತದೆ. ಹಾಗೆ ಬಿಡದಿದ್ದರೆ ಗ್ರಾಫಿನಲ್ಲಿ 0 ಡಿಗ್ರಿಯ ಶಕ್ತಿಯ ಗುಡ್ಡ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ.

ಸಂಖ್ಯೆಗಳನ್ನು ಓದುವುದು

ಲೆಕ್ಕ ಮುಗಿದ ಮೇಲೆ ಫಲಿತಾಂಶದ ಫೈಲಿನ ಕೊನೆಗೆ ಹೋಗಿ. ಓರ್ಕಾ ಸರಿಯಾಗಿ ಮುಗಿಯಿತು ಎಂಬ ಸಾಲು ಇರಬೇಕು. ಆಮೇಲೆ ಹುಡುಕಿ: ಆಕಾರ ಸರಿಹೋದಾಗಲೆಲ್ಲ ಓರ್ಕಾ 'ಹುರ್ರೇ' (HURRAY) ಎಂದು ಬರೆಯುತ್ತದೆ. ಅದು 19 ಸಲ ಸಿಗಬೇಕು. ಕಡಿಮೆ ಸಿಕ್ಕರೆ ಯಾವುದೋ ಮೆಟ್ಟಿಲು ಅರ್ಧಕ್ಕೆ ನಿಂತಿದೆ. ಆ ಬಿಂದುವನ್ನು ಗ್ರಾಫಿಗೆ ಸೇರಿಸಬೇಡಿ, ಮತ್ತೆ ಲೆಕ್ಕ ಹಾಕಿ.

ಕೋನ ಮತ್ತು ಶಕ್ತಿಯ ಎರಡು ಕಂಬಸಾಲುಗಳು ಬೇರೆ ಫೈಲಿನಲ್ಲಿ ಸಿಗುತ್ತವೆ. ಶಕ್ತಿ ಹಾರ್ಟ್ರೀ ಎಂಬ ಮಾನದಲ್ಲಿರುತ್ತದೆ. ಬ್ಯುಟೇನಿಗೆ ಅದು ಮೈನಸ್ 158ರ ಆಸುಪಾಸು. ಒಂದು ಹಾರ್ಟ್ರೀ ಅಂದರೆ ಮೋಲಿಗೆ 627.5 ಕಿಲೋಕ್ಯಾಲರಿ. ಅಂದರೆ ಒಟ್ಟು ಶಕ್ತಿ ಸುಮಾರು 99 ಸಾವಿರ ಕಿಲೋಕ್ಯಾಲರಿ. ನಾವು ಹುಡುಕುತ್ತಿರುವ ಆಂಟಿ-ಗೌಶ್ ವ್ಯತ್ಯಾಸ ಒಂದು ಕಿಲೋಕ್ಯಾಲರಿಯೂ ಇಲ್ಲ! ಹಾರ್ಟ್ರೀಯಲ್ಲಿ ಅದು 0.001ರ ಆಸುಪಾಸು. ಮಧ್ಯದಲ್ಲಿ ಯಾರಾದರೂ ಸಂಖ್ಯೆಯನ್ನು ಎರಡು ದಶಾಂಶಕ್ಕೆ ಮೊಟಕು ಮಾಡಿದರೆ ಇಡೀ ಕೆಲಸ ನೀರುಪಾಲು. ಆದ್ದರಿಂದ ಕೊನೆಯವರೆಗೂ ಎಲ್ಲ ಅಂಕಿಗಳನ್ನೂ ಇಟ್ಟುಕೊಳ್ಳಿ.

ಕ್ಯಾಲ್ಕ್‌ನಲ್ಲಿ ಮೂರನೆಯ ಕಂಬಸಾಲು ಮಾಡಿ. ಪ್ರತಿ ಶಕ್ತಿಯಿಂದ ಅತಿ ಕಡಿಮೆ ಶಕ್ತಿಯನ್ನು ಕಳೆದು 627.5ರಿಂದ ಗುಣಿಸಿ. ಈಗ 180ರಲ್ಲಿ ಸೊನ್ನೆ, 120ರಲ್ಲಿ ಸುಮಾರು 3.3ರಿಂದ 3.8, 65ರ ಸುತ್ತಮುತ್ತ ಒಂದು ತಗ್ಗು, 0ಯಲ್ಲಿ 5ರಿಂದ 6 ಬರಬೇಕು, ಎಲ್ಲವೂ ಮೋಲಿಗೆ ಕಿಲೋಕ್ಯಾಲರಿಯಲ್ಲಿ. ಕಿಲೋಜೂಲ್ ಬೇಕಾದವರು 4.184ರಿಂದ ಗುಣಿಸಿ. ಪಿಯುಸಿ ಪುಸ್ತಕ ಈಥೇನಿಗೆ ಕೊಡುವ 12.5 ಕಿಲೋಜೂಲ್ ಜೊತೆ ಹೋಲಿಸಿದರೆ, 0 ಡಿಗ್ರಿಯ ಗುಡ್ಡ ಅದಕ್ಕಿಂತ ಎಷ್ಟು ಎತ್ತರ ಅಂತ ತಿಳಿಯುತ್ತದೆ. ಮೀಥೈಲ್‌ಗಳು ಎದುರುಬದುರಾಗುವುದರ ಬೆಲೆ ಅದು.

ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇನ್ನು ಮುಂದಿದೆ. ಗೌಶ್ ತಗ್ಗಿನ ಎತ್ತರ ಎಷ್ಟು? ಹಲವು ಪಠ್ಯಪುಸ್ತಕಗಳು 0.9 ಕಿಲೋಕ್ಯಾಲರಿ ಎನ್ನುತ್ತವೆ. ಅನಿಲ ರೂಪದಲ್ಲಿ ಮಾಡಿದ ಅಳತೆಗಳಲ್ಲಿ 0.65ರ ಸುತ್ತ ಬಂದಿದೆ. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾ? ಶಕ್ತಿಯ ವ್ಯತ್ಯಾಸದಿಂದ ಯಾವ ಆಕಾರದಲ್ಲಿ ಎಷ್ಟು ಅಣುಗಳಿವೆ ಎಂದು ಹೇಳುವ ಬೋಲ್ಟ್ಸ್‌ಮನ್ ಸೂತ್ರಕ್ಕೆ ಹಾಕಿ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್‌ಟಿ (ಅನಿಲ ಸ್ಥಿರಾಂಕ ಗುಣಿಸು ತಾಪಮಾನ) ಬೆಲೆ 0.593 ಕಿಲೋಕ್ಯಾಲರಿ. ಗೌಶ್ ಎಡಕ್ಕೊಂದು, ಬಲಕ್ಕೊಂದು ಇರುವುದರಿಂದ ಎರಡರಿಂದ ಗುಣಿಸಬೇಕು. 0.9 ಹಾಕಿದರೆ ನೂರರಲ್ಲಿ 70 ಅಣು ಆಂಟಿ. 0.65 ಹಾಕಿದರೆ 60. ಕಾಲು ಕಿಲೋಕ್ಯಾಲರಿಗೆ ನೂರರಲ್ಲಿ ಹತ್ತು ಅಣು ಆಕಾರ ಬದಲಿಸುತ್ತವೆ. ಹಾಗಾಗಿ ನಿಮ್ಮ ಸಂಖ್ಯೆ ಬಂದ ಮೇಲೆ ದೊಡ್ಡ ಬೇಸಿಸ್ ಸೆಟ್, ಡೆಫ್2-ಟಿಜಡ್‌ವಿಪಿ ಹಾಕಿ ಆಂಟಿ, ಗೌಶ್ ಎರಡನ್ನಾದರೂ ಮತ್ತೆ ಲೆಕ್ಕ ಹಾಕಿ. ಎಷ್ಟು ಅಲುಗಾಡುತ್ತದೋ ಅದನ್ನು ಬರೆದಿಡಿ.

ತಗ್ಗುಗಳು ನಿಜವಾದ ತಗ್ಗುಗಳೇ ಅಂತ ನೋಡಲು ಫ್ರೀಕ್ವೆನ್ಸಿ, ಅಂದರೆ ಅಣು ಹೇಗೆ ಕಂಪಿಸುತ್ತದೆ ಎಂಬ ಲೆಕ್ಕವಿದೆ. ಮೊದಲು ಆ ಆಕಾರವನ್ನು ಕೋನದ ಕಟ್ಟಿಲ್ಲದೆ ಸರಿಪಡಿಸಿ, ಆಮೇಲೆ ಮಾಡಿ. 14 ಪರಮಾಣುಗಳ ಬ್ಯುಟೇನಿಗೆ 36 ಕಂಪನಗಳು. ಒಂದೂ ಮೈನಸ್ ಚಿಹ್ನೆಯದ್ದು ಇರಬಾರದು.

ಗ್ರಾಫ್ ಬರೆಯುವಾಗ

ಕ್ಯಾಲ್ಕ್‌ನಲ್ಲಿ ಲೈನ್ ಚಾರ್ಟ್ ಆರಿಸಬೇಡಿ, ಎಕ್ಸ್‌ವೈ ಸ್ಕ್ಯಾಟರ್ ಆರಿಸಿ. ಲೈನ್ ಚಾರ್ಟ್ ಕೋನಗಳನ್ನು ಬರೀ ಹೆಸರುಗಳೆಂದು ತಿಳಿದು ಸಮ ದೂರದಲ್ಲಿ ಇಡುತ್ತದೆ. ಮಧ್ಯೆ ಒಂದು ಬಿಂದು ಬಿಟ್ಟುಹೋಗಿದ್ದರೆ ಅಥವಾ 65 ಡಿಗ್ರಿಯಲ್ಲಿ ಒಂದು ಹೆಚ್ಚು ಲೆಕ್ಕ ಹಾಕಿದ್ದರೆ ವಕ್ರರೇಖೆಯೇ ಸುಳ್ಳಾಗುತ್ತದೆ.

ಲೆಕ್ಕ ಹಾಕಿದ ಬಿಂದುಗಳು ಎದ್ದು ಕಾಣಲಿ, ಜೋಡಿಸುವ ಗೆರೆ ತೆಳ್ಳಗಿರಲಿ. ಎಲ್ಲಿ ಲೆಕ್ಕವಿದೆ, ಎಲ್ಲಿ ಊಹೆಯಿದೆ ಎಂದು ಓದುವವರಿಗೆ ಗೊತ್ತಾಗಬೇಕು ಅಲ್ವಾ? ಅಡ್ಡ ಅಕ್ಷದ ಗುರುತು 60 ಡಿಗ್ರಿಗೊಂದು. ಎರಡೂ ಅಕ್ಷಕ್ಕೆ ಹೆಸರು ಮತ್ತು ಮಾನ. ವಿಧಾನ, ಬೇಸಿಸ್ ಸೆಟ್ ಎರಡನ್ನೂ ಚಿತ್ರದ ಕೆಳಗೇ ಬರೆಯಿರಿ. ಗುಡ್ಡ, ತಗ್ಗುಗಳ ಹತ್ತಿರ ಆಯಾ ಅಣುವಿನ ಚಿತ್ರ ಇಡಿ. ಎಲ್ಲವನ್ನೂ ನಡುವಿನ ಬಂಧದ ನೇರಕ್ಕೆ, ಒಂದೇ ಕಡೆಯಿಂದ ತೆಗೆದಿರಬೇಕು.

ಬಣ್ಣದ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಅಣುವಿನ ಮೈಮೇಲೆ ವಿದ್ಯುತ್ ವಿಭವವನ್ನು ಕೆಂಪು-ನೀಲಿಯಲ್ಲಿ ತೋರಿಸುವ ಚಿತ್ರಗಳನ್ನು ನೋಡಿರುತ್ತೀರಿ. ಕೆಂಪು ಋಣ, ನೀಲಿ ಧನ, ಇದು ವಾಡಿಕೆ. ನೀರಿಗೂ ಬ್ಯುಟೇನಿಗೂ ಇಂಥ ಚಿತ್ರ ಮಾಡಿ ಪಕ್ಕಪಕ್ಕ ಇಡಿ. ಬಣ್ಣದ ಅಳತೆಯನ್ನು ಸಾಫ್ಟ್‌ವೇರಿಗೇ ಬಿಟ್ಟರೆ ಎರಡೂ ಒಂದೇ ರೀತಿ ಕೆಂಪಗೆ, ನೀಲಿಯಾಗಿ ಹೊಳೆಯುತ್ತವೆ. ಎರಡಕ್ಕೂ ಒಂದೇ ಅಳತೆ ಕೊಡಿ, ಸೊನ್ನೆ ಸರಿಯಾಗಿ ನಡುವೆ ಇರಲಿ. ಬ್ಯುಟೇನ್ ತಕ್ಷಣ ಮಂಕಾಗುತ್ತದೆ. ಅದು ನೀರಿನಲ್ಲಿ ಬೆರೆಯದಿರುವುದಕ್ಕೂ ಆ ಮಂಕುತನಕ್ಕೂ ಸಂಬಂಧವಿದೆ. ಅಳತೆ ಬೇರೆಬೇರೆ ಇಟ್ಟಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಕಡಿಮೆಯಿಂದ ಹೆಚ್ಚಿಗೆ ಹೋಗುವ ಸಂಖ್ಯೆಗೆ ಕಾಮನಬಿಲ್ಲಿನ ಬಣ್ಣಗಳನ್ನು ಬಿಟ್ಟುಬಿಡಿ. ಅದರ ಹಳದಿ ಪಟ್ಟಿ ಇಲ್ಲದ ಗಡಿಯನ್ನು ಇದೆ ಎನಿಸುತ್ತದೆ. ಕೆಂಪು-ಹಸಿರು ಬೇರ್ಪಡಿಸಲು ಆಗದವರಿಗೆ ಅರ್ಧ ಚಿತ್ರವೇ ಹೋಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ 2017ರ ತನ್ನ 2.0 ಆವೃತ್ತಿಯಿಂದ ಹಳೆಯ ಜೆಟ್ ಬಣ್ಣಗಳನ್ನು ಬಿಟ್ಟು ವಿರಿಡಿಸ್ ಎಂಬ ಬಣ್ಣಸಾಲನ್ನು ಮುಂದಿಟ್ಟಿತು. ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಮಾಡಿದರೂ ಅದರ ಕ್ರಮ ಉಳಿಯುತ್ತದೆ. ಕಾಲೇಜಿನ ಜೆರಾಕ್ಸ್ ನೋಟ್ಸಿಗೆ ಇದು ತುಂಬಾ ಮುಖ್ಯ.

ಇದಾದ ಮೇಲೆ

ಅಣುವಿನ ಫೈಲು, ಓರ್ಕಾಗೆ ಕೊಟ್ಟ ಫೈಲು, ಅದು ಕೊಟ್ಟ ಫೈಲು, ಗ್ರಾಫಿನ ಫೈಲು ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಿ, ಓರ್ಕಾದ ಆವೃತ್ತಿಯ ಸಂಖ್ಯೆಯನ್ನೂ ಬರೆದಿಡಿ. ಆಮೇಲೆ 1,2-ಡೈಫ್ಲೋರೋಈಥೇನ್ ತೆಗೆದುಕೊಳ್ಳಿ. ಮೀಥೈಲ್‌ಗಳ ಜಾಗದಲ್ಲಿ ಎರಡು ಫ್ಲೋರಿನ್. ಫ್ಲೋರಿನ್‌ಗಳು ಒಂದನ್ನೊಂದು ದೂಡುತ್ತವೆ, ಆದ್ದರಿಂದ 180 ಡಿಗ್ರಿಯೇ ಗೆಲ್ಲುತ್ತದೆ ಎಂದು ಅನಿಸುವುದು ಸಹಜ. ಪ್ರಯೋಗಗಳು ಹೇಳುವುದು ಉಲ್ಟಾ: ಈ ಅಣುವಿಗೆ ಗೌಶ್ ಆಕಾರವೇ ಹೆಚ್ಚು ಹಿತ. ಇಲ್ಲಿ ಚಿಕ್ಕ ಬೇಸಿಸ್ ಸೆಟ್ ನಂಬಬೇಡಿ, ಡೆಫ್2-ಟಿಜಡ್‌ವಿಪಿಯಿಂದಲೇ ಶುರು ಮಾಡಿ. ಕೋನದ ಸಾಲಿನಲ್ಲಿ ಫ್ಲೋರಿನ್, ಕಾರ್ಬನ್, ಕಾರ್ಬನ್, ಫ್ಲೋರಿನ್ ಸಂಖ್ಯೆ ಹಾಕಿ. ಗ್ರಾಫಿನಲ್ಲಿ 70ರ ಸುತ್ತಲಿನ ತಗ್ಗು 180ರ ತಗ್ಗಿಗಿಂತ ಕೆಳಗೆ ಇಳಿಯಬೇಕು.