ಕಾಸರಗೋಡಿನ ಪಂಚಾಯತು ಚುನಾವಣೆ: ಮೂರು ಮತಗಳನ್ನು ಚಲಾಯಿಸುವ ಕ್ರಮ

ಲೋಕಸಭೆಗೂ ವಿಧಾನಸಭೆಗೂ ತಪ್ಪದೆ ಮತ ಹಾಕಿದವರು ಪಂಚಾಯತು ಚುನಾವಣೆಯ ದಿನ ಗುರುತಿನ ಚೀಟಿ ಕೈಯಲ್ಲಿದ್ದೂ ಮತಗಟ್ಟೆಯಿಂದ ಹಿಂದಿರುಗಬೇಕಾಗಿ ಬರುವುದು ನಮ್ಮ ಕಡೆ ಅಪರೂಪವಲ್ಲ. ಆ ಎರಡು ಚುನಾವಣೆಗಳನ್ನು ಭಾರತದ ಚುನಾವಣಾ ಆಯೋಗವು ನಡೆಸಿದರೆ, ಪಂಚಾಯತು ಮತ್ತು ನಗರಸಭೆಗಳ ಚುನಾವಣೆಯನ್ನು ಕೇರಳ ರಾಜ್ಯ ಚುನಾವಣಾ ಆಯೋಗವು ತನ್ನದೇ ಮತದಾರರ ಪಟ್ಟಿಯನ್ನಿಟ್ಟುಕೊಂಡು ನಡೆಸುತ್ತದೆ. ಒಂದರಲ್ಲಿ ಹೆಸರಿದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ಆದುದರಿಂದ ಮತದಾನದ ಸಿದ್ಧತೆಯು ಮತದಾನದ ದಿನಕ್ಕಿಂತ ಬಹಳ ಮೊದಲೇ, ಪಟ್ಟಿ ಪರಿಷ್ಕರಣೆಯ ಪ್ರಕಟಣೆ ಹೊರಟ ದಿನವೇ ಆರಂಭವಾಗಬೇಕು.

ಪಟ್ಟಿಯನ್ನು ಪಂಚಾಯತು ಕಚೇರಿಯಲ್ಲಿಯೂ ರಾಜ್ಯ ಆಯೋಗದ ಜಾಲತಾಣದಲ್ಲಿಯೂ ನೋಡಬಹುದು. ಹೆಸರನ್ನು ಹುಡುಕುವಾಗ ತುಸು ತಾಳ್ಮೆ ಬೇಕು, ಏಕೆಂದರೆ ಕನ್ನಡದ ಹೆಸರುಗಳು ಮಲಯಾಳ ಲಿಪಿಗೆ ಹೋಗಿ ಬರುವಾಗ ಒಂದೆರಡು ಅಕ್ಷರಗಳ ಮುಖವೇ ಬದಲಾಗಿರುತ್ತದೆ. ಮನೆ ಹೆಸರು ಮತ್ತು ಮನೆ ನಂಬರಿನ ಜಾಡು ಹಿಡಿದು ಹುಡುಕುವುದು ಹೆಚ್ಚು ಭದ್ರ. ಹೊಸದಾಗಿ ಹೆಸರು ಸೇರಿಸಲು 4ನೆಯ ನಮೂನೆಯಲ್ಲಿ, ತಪ್ಪು ತಿದ್ದಲು 6ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯನ್ನು ಆನ್‌ಲೈನ್ ಮೂಲಕ ಕಳುಹಿಸಿ ಸುಮ್ಮನಾಗುವಂತಿಲ್ಲ. ವಿಚಾರಣೆಗೆ ಕರೆದ ದಿನ ದಾಖಲೆಗಳೊಂದಿಗೆ ಹಾಜರಾಗದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು. 2025ರ ಚುನಾವಣೆಗೆ ಮೊದಲು ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸಲಾಗಿರುವುದರಿಂದ 2020ರ ವಾರ್ಡ್ ಸಂಖ್ಯೆಯನ್ನು ನೆನಪಿಟ್ಟುಕೊಂಡು ಯಾವ ಪ್ರಯೋಜನವೂ ಇಲ್ಲ.

ಪುತ್ತೂರು, ಬಂಟ್ವಾಳದ ಕಡೆಯಿಂದ ಮದುವೆಯಾಗಿ ಮಂಜೇಶ್ವರಕ್ಕೋ ಬದಿಯಡ್ಕಕ್ಕೋ ಬಂದವರಿಗೆ ಇಲ್ಲಿನ ಪದ್ಧತಿ ಹೊಸದೆನಿಸುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆಯಿಲ್ಲದೆ ಸ್ಪರ್ಧೆ ನಡೆಯುತ್ತದೆ. ಕೇರಳದಲ್ಲಿ ಕೆಳಹಂತದಿಂದಲೇ ಪಕ್ಷಗಳು ತಮ್ಮ ಚಿಹ್ನೆಯೊಂದಿಗೆ ಕಣದಲ್ಲಿರುತ್ತವೆ, ಮತ್ತು ಗ್ರಾಮ, ಬ್ಲಾಕ್, ಜಿಲ್ಲೆ ಎಂಬ ಮೂರು ಹಂತಗಳಿಗೂ ಒಂದೇ ದಿನ, ಒಂದೇ ಮತಗಟ್ಟೆಯಲ್ಲಿ ಮತದಾನವಾಗುತ್ತದೆ. ತವರಿನ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ಅದನ್ನು ತೆಗೆಸಿಯೇ ಇಲ್ಲಿ ಸೇರಿಸಬೇಕು.

ಜಿಲ್ಲೆಯಲ್ಲಿ ಮತದಾನ ನಡೆದ 2025ರ ಡಿಸೆಂಬರ್ 11ರಂದು ಬೆಳಗ್ಗೆ 7ರಿಂದ ಸಂಜೆ 6ರ ತನಕ ಸಮಯವಿತ್ತು. ಅದು ಅಡಿಕೆ ಕೊಯ್ಲಿನ ಕಾಲವೂ ಹೌದಾದ್ದರಿಂದ ತೋಟದ ಕೆಲಸವಿರುವವರು ಏಳು ಗಂಟೆಗೇ ಸಾಲಿನಲ್ಲಿ ನಿಲ್ಲುವುದು ಲೇಸು. ಭಾರತದ ಚುನಾವಣಾ ಆಯೋಗದ ಗುರುತಿನ ಚೀಟಿ, ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್, ಫೋಟೋ ಇರುವ ಎಸ್‌ಎಸ್‌ಎಲ್‌ಸಿ ಪುಸ್ತಕ ಇವುಗಳಲ್ಲಿ ಯಾವುದಾದರೊಂದು ಸಾಕು. ಪಕ್ಷದ ಕಾರ್ಯಕರ್ತರು ಮನೆಗೆ ತಂದುಕೊಡುವ ಚೀಟಿಯು ಕ್ರಮಸಂಖ್ಯೆ ತಿಳಿಯಲು ಅನುಕೂಲವೇ ಹೊರತು ಗುರುತಿನ ದಾಖಲೆಯಲ್ಲ.

ಒಳಗೆ ಒಬ್ಬ ಅಧಿಕಾರಿ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ನೋಡಿ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿ ಸಹಿ ಪಡೆಯುತ್ತಾರೆ. ಆಮೇಲಿನದೇ ಮುಖ್ಯ. ಮರೆಯೊಳಗೆ ಮೂರು ಬ್ಯಾಲೆಟ್ ಯೂನಿಟ್‌ಗಳಿರುತ್ತವೆ: ಗ್ರಾಮ ಪಂಚಾಯತಿನದಕ್ಕೆ ಬಿಳಿ, ಬ್ಲಾಕಿನದಕ್ಕೆ ಗುಲಾಬಿ, ಜಿಲ್ಲಾ ಪಂಚಾಯತಿನದಕ್ಕೆ ನೀಲಿ ಬಣ್ಣದ ಲೇಬಲ್. ಕನ್ನಡ ಭಾಷಾ ಅಲ್ಪಸಂಖ್ಯಾತರಿರುವ ವಾರ್ಡುಗಳಲ್ಲಿ ಅಭ್ಯರ್ಥಿಗಳ ಹೆಸರು ಕನ್ನಡದಲ್ಲಿಯೂ ಇರುತ್ತದೆ. ಪ್ರತಿಯೊಂದರಲ್ಲಿ ನಿಮಗೆ ಬೇಕಾದ ಹೆಸರಿನ ಎದುರಿನ ಗುಂಡಿ ಒತ್ತಿ, ಕೆಂಪು ದೀಪ ಉರಿದು ಬೀಪ್ ಶಬ್ದ ಕೇಳಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಮೂರೂ ಮುಗಿದಾಗ ಉದ್ದನೆಯ ಬೀಪ್ ಕೇಳಿಸುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು.

ವಾರ್ಡಿನ ಅಭ್ಯರ್ಥಿ ಪರಿಚಿತರು ಎಂಬ ಉತ್ಸಾಹದಲ್ಲಿ ಬಿಳಿ ಲೇಬಲಿನ ಗುಂಡಿಯನ್ನಷ್ಟೇ ಒತ್ತಿ ಹೊರಟುಬಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಯಂತ್ರವು ಉಳಿದ ಮತಗಳಿಗಾಗಿ ಕಾಯುತ್ತಲೇ ಇರುತ್ತದೆ, ಹಿಂದಿನವರು ಮತ ಹಾಕಲಾಗದೆ ನಿಂತಿರುತ್ತಾರೆ. ಯಾವುದಾದರೂ ಹಂತದಲ್ಲಿ ಮತ ಹಾಕುವ ಮನಸ್ಸಿಲ್ಲದಿದ್ದರೆ ಬೇಕಾದವುಗಳನ್ನು ಮುಗಿಸಿ, ಕೊನೆಯ ಯೂನಿಟ್‌ನಲ್ಲಿರುವ ‘ಎಂಡ್’ ಗುಂಡಿಯನ್ನು ಒತ್ತಬೇಕು. ಅದನ್ನು ಒತ್ತಿದ ಮೇಲೆ ಮತ್ತೆ ಮತ ಹಾಕಲು ಅವಕಾಶವಿಲ್ಲ. ಯಾವ ಅಭ್ಯರ್ಥಿಯೂ ಬೇಡವೆಂದು ಸೂಚಿಸುವ ‘ನೋಟಾ’ ಗುಂಡಿ ಈ ಚುನಾವಣೆಯಲ್ಲಿ ಇಲ್ಲ, ಮತ ಮುದ್ರಿತವಾದುದನ್ನು ತೋರಿಸುವ ವಿವಿಪ್ಯಾಟ್ ಯಂತ್ರವೂ ಇಲ್ಲ. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ನಗರಸಭೆಗಳ ಮತದಾರರಿಗೆ ಈ ಗೊಂದಲವೇ ಬರದು, ಅವರಿಗಿರುವುದು ಒಂದೇ ಮತ.

ಕಣ್ಣು ಕಾಣದವರು ಮತ್ತು ಗುಂಡಿ ಒತ್ತಲಾರದಷ್ಟು ಅಶಕ್ತರು ಹದಿನೆಂಟು ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಇದನ್ನು ಮೊದಲೇ ಮತಗಟ್ಟೆಯ ಮುಖ್ಯಾಧಿಕಾರಿಗೆ ತಿಳಿಸಬೇಕು. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿಹೋಗಿದ್ದರೆ ಜಗಳವಾಡಿ ಮರಳಬೇಡಿ. ಗುರುತನ್ನು ಸಾಬೀತುಪಡಿಸಿ ಟೆಂಡರ್ ಮತಪತ್ರ ಕೇಳಿರಿ. ಅದನ್ನು ಯಂತ್ರದಲ್ಲಲ್ಲ, ಕಾಗದದಲ್ಲಿ ಗುರುತು ಹಾಕಿ ಅಧಿಕಾರಿಗೆ ಒಪ್ಪಿಸಬೇಕು, ಅವರು ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ.