ನಮ್ಮ ತ್ರೈಮಾಸಿಕ ಕಡಲು ದಾಟಿದ ಬಗೆ

‘ವಿವೇಕ ಶಾನಭಾಗರ “ದೇಶ ಕಾಲ”ದಂಥ ಸಾಹಿತ್ಯ ಪತ್ರಿಕೆಯೇ ಏಳು ವರ್ಷಕ್ಕೆ ನಿಂತಿತು, ನಿಮ್ಮದನ್ನು ಅಮೆರಿಕದಲ್ಲಿ ಯಾರು ಓದುತ್ತಾರೆ?’ ಎಂದು ಧಾರವಾಡದ ಗೆಳೆಯರೇ ಕೇಳಿದ್ದರು. ಈಗ ನಮ್ಮ ಚಂದಾದಾರರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಹೊರದೇಶದವರು. ಆಗ ಕೇಳಿದವರೇ ಈಗ ತಮ್ಮ ಪತ್ರಿಕೆಗೂ ದಾರಿ ಹೇಳಿ ಎನ್ನುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. 120 ಪುಟದ ಸಂಚಿಕೆ ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಒಂದಕ್ಕೆ 70 ರೂಪಾಯಿ ಆಸುಪಾಸು ಬೀಳುತ್ತದೆ. ಅದನ್ನು ಏರ್‌ಮೇಲ್‌ನಲ್ಲಿ ಕಳಿಸಲು ಅದರ ಹಲವು ಪಟ್ಟು ಬೇಕು. ಒಂದು ವರ್ಷ ಹಾಗೆಯೇ ಕಳಿಸಿ ಸುಮಾರು 40 ಸಾವಿರ ಕೈಬಿಟ್ಟಿತು. ಎಷ್ಟೋ ಪ್ರತಿಗಳು ತಲುಪಿದ ಸುದ್ದಿಯೇ ಇಲ್ಲ. ಆಜೀವ ಚಂದಾ ಪಡೆಯಿರಿ ಎಂದರು ಕೆಲವರು. ಬೇಡವೆಂದೆ. ಇವತ್ತು ಬಂದ 2,000 ರೂಪಾಯಿ ಮುಂದಿನ ಸಂಚಿಕೆಯ ಕಾಗದಕ್ಕೇ ಮುಗಿಯುತ್ತದೆ, ಪ್ರತಿ ಮಾತ್ರ ಅವರಿರುವ ತನಕ ಕಳಿಸಬೇಕು. ಸಣ್ಣ ಪತ್ರಿಕೆಗಳು ಸಾಯುವುದೇ ಅಲ್ಲಿ.

ಕೊನೆಗೆ ಕೈಹಿಡಿದದ್ದು ಸೂಟ್‌ಕೇಸು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೊರಟ ಅಪ್ಪ–ಅಮ್ಮ ನಮ್ಮ ಬಡಾವಣೆಯಲ್ಲಿ ಸದಾ ಯಾರಾದರೂ ಇದ್ದೇ ಇರುತ್ತಾರೆ. ಶೇಂಗಾ ಚಟ್ನಿಪುಡಿ, ಹಪ್ಪಳದ ಪೊಟ್ಟಣಗಳ ನಡುವೆ ಹದಿನೈದು ಪ್ರತಿ ಕೂರುತ್ತವೆ, ತೂಕ ಮೂರು ಕಿಲೋ ಚಿಲ್ಲರೆ. ಅಲ್ಲಿ ಒಬ್ಬರು ಇಳಿಸಿಕೊಂಡು ಹಂಚುತ್ತಾರೆ. ಚಂದಾ ಹಣವನ್ನು ಇಲ್ಲಿರುವ ಹಿರಿಯರೇ ಕಟ್ಟಿಬಿಡುತ್ತಾರೆ. ಆ ಒಬ್ಬರನ್ನು ಹುಡುಕುವ ಬಗೆ ನನ್ನಲ್ಲೇ ಇರಲಿ. ಕನ್ನಡ ಕೂಟದ ಪದಾಧಿಕಾರಿಗಳಿಗೆ ಇದನ್ನು ಹೊರಿಸಬೇಡಿ, ಯುಗಾದಿ, ರಾಜ್ಯೋತ್ಸವದ ಓಡಾಟವೇ ಅವರಿಗೆ ಸಾಕುಸಾಕಾಗಿರುತ್ತದೆ.

ನಡುವೆ ಕತೆಗಳನ್ನು ಓದಿಸಿ ಧ್ವನಿಮುದ್ರಿಸಿಯೂ ನೋಡಿದೆವು. ಕತೆಗೆ ಮೂರು ಸಾವಿರದಂತೆ ಖರ್ಚು, ಆದಾಯ ಸೊನ್ನೆ. ಆದರೆ ಅಲ್ಲೇ ಹುಟ್ಟಿ ಬೆಳೆದು, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು ಎನ್ನುವ ಮಕ್ಕಳು ಕೇಳುತ್ತಿದ್ದಾರೆ. ನಿಲ್ಲಿಸಲು ಮನಸ್ಸಿಲ್ಲ.

‘ನುಡಿ’ ತಂತ್ರಾಂಶದ ಹಳೆಯ ಕನ್ನಡ ಫಾಂಟಿನಲ್ಲಿ ಪುಟ ಕಟ್ಟಿದ ಪಿಡಿಎಫ್‌ನಲ್ಲಿ ಲೇಖಕರ ಹೆಸರು ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಹಿಂದಿನ ಸಂಚಿಕೆಗಳನ್ನೆಲ್ಲ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಂದೆವು. ಪರಿವರ್ತಕ ತಂತ್ರಾಂಶ ತನ್ನ ಕೆಲಸ ಮುಗಿಸಿದ ಮೇಲೂ ‘ರ‍್ಯಾಂಕ್’ ಇದ್ದಲ್ಲಿ ‘ರ್ಯಾಂಕ್’ ಕೂತಿರುತ್ತದೆ. ಕರಡು ತಿದ್ದುವವರು ಸಾಲುಸಾಲನ್ನೂ ನೋಡಲೇಬೇಕು. ಆ ದುಡಿಮೆಯ ಫಲವಾಗಿ ಅನುವಾದಕರು ತಾವಾಗಿ ನಮ್ಮ ಹಳೆಯ ಕತೆಗಳಿಗೆ ಬಂದರು.

ನಿಜವಾದ ಹೆಸರು ತಂದುಕೊಟ್ಟದ್ದು ಅನುವಾದವೇ. ಸಂಚಿಕೆಗೊಂದು ಕತೆ ಆರಿಸಿ, ಲೇಖಕರಿಂದ ಲಿಖಿತ ಒಪ್ಪಿಗೆ ಪಡೆದು, ಇಂಗ್ಲಿಷ್‌ಗೆ ಮಾಡಿಸಿ ಹೊರಗಿನ ಪತ್ರಿಕೆಗಳಿಗೆ ಕಳಿಸುತ್ತೇವೆ. ಲೇಖಕರಿಗೆ ಎಷ್ಟು ಸಂಭಾವನೆಯೋ ಅನುವಾದಕರಿಗೂ ಅಷ್ಟೇ. ಇದು ದುಂದು ಎಂದವರಿದ್ದರು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್‌ನ 50,000 ಪೌಂಡು ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಇಬ್ಬರಿಗೂ ಸಮಪಾಲಾಗಿ ಸಂದಾಗ ಆ ಮಾತು ನಿಂತಿತು. ಅಲ್ಲಿಯವರೆಗೆ ಹೊರಗಿನ ಸಂಪಾದಕರಿಂದ ಬರೇ ತಿರಸ್ಕಾರದ ಪತ್ರಗಳು. ಆಮೇಲೆ ‘ಬೇರೆ ಯಾರ ಕತೆಗಳಿವೆ?’ ಎಂದು ಅವರೇ ಕೇಳತೊಡಗಿದರು. ಪ್ರಕಟವಾದ ಕಡೆಯೆಲ್ಲ ನಮ್ಮ ಪತ್ರಿಕೆಯ ಹೆಸರು ಕತೆಯ ಕೆಳಗೆ ಬರಲೇಬೇಕು ಎಂಬುದು ನನ್ನ ಹಟ.

ಒಪ್ಪಿಗೆ ಪತ್ರದ ನಮೂನೆ ಬೇಕಾದವರಿಗೆ ಸಂತೋಷವಾಗಿ ಕೊಡುತ್ತೇನೆ. ಹೊರಗಿನ ಸಂಪಾದಕರಿಗೆ ಬರೆಯುವ ಪತ್ರವನ್ನು ನೀವೇ ಬರೆದುಕೊಳ್ಳಿ.